ಅಸೆಂಬಲ್ಡ್ ಆರ್‌ಒ ಯಂತ್ರ: ಮುಚ್ಚಳ ಬಿಚ್ಚಿ ಒಂದು ವಿಮರ್ಶೆ

ಆರ್‌ಒ ಎಂದರೆ ನೀರನ್ನು ಒತ್ತಡದಲ್ಲಿ ತೆಳುಪೊರೆಯ ಮೂಲಕ ಹಾಯಿಸಿ ಉಪ್ಪು ತೆಗೆಯುವ ಕುಡಿಯುವ ನೀರಿನ ಯಂತ್ರ. ಬೆಂಗಳೂರಿನ ಯಾವ ಬಡಾವಣೆಯ ಆರ್‌ಒ ಅಂಗಡಿಗೆ ಹೋದರೂ ಎರಡು ಬಗೆಯ ಯಂತ್ರ ಸಿಗುತ್ತವೆ. ಒಂದು ಟಿವಿಯಲ್ಲಿ ಜಾಹೀರಾತು ಬರುವ ಬ್ರಾಂಡಿನದು, ಬೆಲೆ ಹದಿನೈದು ಸಾವಿರದ ಆಸುಪಾಸು. ಇನ್ನೊಂದು ಅಂಗಡಿಯವರೇ ಬಿಡಿಭಾಗ ತಂದು ಜೋಡಿಸಿ ಕೊಡುವ ‘ಅಸೆಂಬಲ್ಡ್’ ಯಂತ್ರ, ಆರರಿಂದ ಎಂಟು ಸಾವಿರದೊಳಗೆ ಮುಗಿಯುತ್ತದೆ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಈ ಎರಡನೆಯದನ್ನು. ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ, ಹನ್ನೆರಡು ಲೀಟರ್ ಟ್ಯಾಂಕ್, ಮೇಲೆ ‘ಆರ್‌ಒ ಪ್ಲಸ್ ಯುವಿ ಪ್ಲಸ್ ಯುಎಫ್ ಪ್ಲಸ್ ಟಿಡಿಎಸ್ ಕಂಟ್ರೋಲರ್ ಪ್ಲಸ್ ಮಿನರಲ್’ ಎಂಬ ಉದ್ದನೆಯ ಸ್ಟಿಕ್ಕರ್ ಇರುವ ಮಾಲು. ಯುವಿ ಎಂದರೆ ಕ್ರಿಮಿ ಕೊಲ್ಲುವ ಅತಿನೇರಳೆ ದೀಪ, ಯುಎಫ್ ಎಂದರೆ ಕ್ರಿಮಿ ಸೋಸುವ ಸೂಕ್ಷ್ಮ ರಂಧ್ರದ ಫಿಲ್ಟರು, ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ.

ಯಂತ್ರ ಚೆನ್ನಾಗಿದೆ. ಒಳಗಿರುವುದು 24 ವೋಲ್ಟ್ ಬೂಸ್ಟರ್ ಪಂಪು, ಅದಕ್ಕೊಂದು ಅಡಾಪ್ಟರ್, ಕರೆಂಟಿನಿಂದ ನೀರು ಬಿಟ್ಟು ನಿಲ್ಲಿಸುವ ಸೊಲೆನಾಯ್ಡ್ ವಾಲ್ವು, ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರು, ಉಪ್ಪು ತಡೆಯುವ ತೆಳುಪೊರೆ ಅಂದರೆ 75 ಅಥವಾ 80 ಜಿಪಿಡಿ ಮೆಂಬ್ರೇನು, ವೇಸ್ಟ್ ಪೈಪಿನಲ್ಲಿ ಫ್ಲೋ ರೆಸ್ಟ್ರಿಕ್ಟರ್, ಕೊನೆಗೆ ಪೋಸ್ಟ್ ಕಾರ್ಬನ್ನು. ಹದಿನೈದು ಸಾವಿರದ ಯಂತ್ರದಲ್ಲೂ ಕೆಲಸ ಮಾಡುವುದು ಇವೇ. ಅಸೆಂಬಲ್ಡ್‌ನ ದೊಡ್ಡ ಲಾಭವೆಂದರೆ ಪ್ರತಿಯೊಂದು ಭಾಗವೂ ಸಾಮಾನ್ಯ ಅಳತೆಯದು. ಮೆಂಬ್ರೇನ್ ಬೇಕೆಂದರೆ ‘1812 ಸೈಜು’ ಎಂದರೆ ಸಾಕು, ಯಾವ ಅಂಗಡಿಯಲ್ಲೂ ಸಿಗುತ್ತದೆ. ಕೆಲವು ಬ್ರಾಂಡುಗಳ ಕಾರ್ಟ್ರಿಜ್‌ಗಳು ಆ ಕಂಪನಿಯ ಯಂತ್ರಕ್ಕೆ ಮಾತ್ರ ಕೂರುತ್ತವೆ. ಯಂತ್ರ ಅಗ್ಗಕ್ಕೆ ಸಿಕ್ಕರೂ ಐದು ವರ್ಷದ ಖರ್ಚು ಅಲ್ಲಿ ಹೊರಬೀಳುತ್ತದೆ.

ತೊಂದರೆ ಇರುವುದು ಜೋಡಿಸುವ ರೀತಿಯಲ್ಲಿ. ನಿಮ್ಮ ನೀರು ಎಂಥದ್ದು ಎಂದು ಕೇಳದೆ ಎಲ್ಲ ಮನೆಗೂ ಒಂದೇ ಸೆಟ್ಟಿಂಗ್‌ನಲ್ಲಿ ಕೂರಿಸಿ ಹೋಗುತ್ತಾರೆ.

ಮೊದಲು ಬೇಕೋ ಬೇಡವೋ ನೋಡಿ. ನಲ್ಲಿಯಲ್ಲಿ ಕಾವೇರಿ ನೀರು ಮಾತ್ರ ಬರುವ ಮನೆಗೆ ಆರ್‌ಒ ಬೇಕಿಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡುವ ಆ ನೀರಿನ ಟಿಡಿಎಸ್ ಸಾಮಾನ್ಯವಾಗಿ 300ರ ಒಳಗೇ ಇರುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿಗೆ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ನೀರೇ ಸಿಗದ ಕಡೆ 2000ದವರೆಗೆ ಒಪ್ಪಬಹುದು. ಕಾವೇರಿ ನೀರಿಗೆ ಭಯವಿದ್ದರೆ ಅದು ಪೈಪು ಒಡೆದು ಚರಂಡಿ ನೀರು ಸೇರುವುದು, ಸಂಪು ತೊಳೆಯದೆ ಬಿಡುವುದು ಇಂಥವು. ಅದಕ್ಕೆ ಕಾರ್ಬನ್, ಯುಎಫ್, ಯುವಿ ಸಾಕು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೂಡ ಟಿಡಿಎಸ್ 500ರ ಕೆಳಗಿರುವ ಕಡೆ ಆರ್‌ಒ ಬಳಕೆ ನಿಲ್ಲಿಸುವ ನಿಯಮ ತರಬೇಕೆಂದು ಹೇಳಿತ್ತು. ನೀರು ಪೋಲಾಗುವುದೇ ಅದರ ಮುಖ್ಯ ಕಾರಣ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಯ ಕಥೆ ಬೇರೆ. 800, 1200 ಟಿಡಿಎಸ್ ಇರುವ ಉಪ್ಪು ನೀರು, ಬೇಳೆ ಬೇಯದ ಗಡಸು ನೀರು, ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುವ ನೀರು ಇದ್ದರೆ ಆರ್‌ಒ ಹಾಕಿಸುವುದರಲ್ಲಿ ಅರ್ಥವಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಫ್ಲೋರೈಡ್ ಇರುವ ಬೋರ್ ನೀರಿಗಂತೂ ಬೇಕೇ ಬೇಕು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಯುವಿಯಿಂದಲೂ ಹೋಗುವುದಿಲ್ಲ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅಲ್ಲಿಂದ ಕ್ಯಾನ್ ತರುವುದೇ ಅಗ್ಗ. ಅಲ್ಲಿರುವುದೂ ಇದೇ ಮೆಂಬ್ರೇನು, ಗಾತ್ರ ಮಾತ್ರ ದೊಡ್ಡದು.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ಕೆಳಗೆ ಸಾಫ್ಟನರ್ ಪ್ಲಾಂಟ್ ಇದ್ದರೆ ಗಡಸುತನ ಹೋಗಿರುತ್ತದೆ, ಟಿಡಿಎಸ್ ಹಾಗೇ ಇರುತ್ತದೆ. ಸಾಫ್ಟನರ್ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುವ ಸಾಧನ. ಮೀಟರಿನಲ್ಲಿ ಸಂಖ್ಯೆ ಇಳಿಯಲಿಲ್ಲವೆಂದು ಅಸೋಸಿಯೇಷನ್ ಮೀಟಿಂಗಿನಲ್ಲಿ ಜಗಳ ಮಾಡಬೇಕಿಲ್ಲ. ಅಂಥ ನೀರನ್ನು ಕುಡಿಯಲು ಆರ್‌ಒ ಬೇಕು, ಮತ್ತು ಅಲ್ಲಿ ಮೆಂಬ್ರೇನಿಗೆ ಸುಣ್ಣ ಕಟ್ಟದ ಕಾರಣ ಬಾಳಿಕೆಯೂ ಹೆಚ್ಚು.

ಈಗ ಯಂತ್ರದ ಹೊಟ್ಟೆಯೊಳಗೆ ಬರೋಣ. 75 ಜಿಪಿಡಿ ಎಂದರೆ ದಿನಕ್ಕೆ 75 ಗ್ಯಾಲನ್, ಅಂದರೆ 284 ಲೀಟರ್. ಗಂಟೆಗೆ ಹನ್ನೆರಡು ಲೀಟರ್, ನಿಮಿಷಕ್ಕೆ ಸುಮಾರು 200 ಮಿಲಿ. ಇದು 50 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ) ಒತ್ತಡ, 25 ಡಿಗ್ರಿ ಶಾಖ, 250 ಟಿಡಿಎಸ್ ಇರುವ ನೀರಿನಲ್ಲಿ ಅಳೆದ ಲೆಕ್ಕ. ನೀರು ತಣ್ಣಗಾದಂತೆ ಒಂದೊಂದು ಡಿಗ್ರಿಗೂ ಶೇಕಡಾ ಮೂರರಷ್ಟು ಉತ್ಪಾದನೆ ಇಳಿಯುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಟ್ಯಾಂಕ್ ತುಂಬುವುದು ತಡವಾದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಟಿಡಿಎಸ್ ಏರಿದರೂ ಇಳುವರಿ ಕಡಿಮೆ: ಪ್ರತಿ 100 ಟಿಡಿಎಸ್‌ಗೆ ಸುಮಾರು ಒಂದು ಪಿಎಸ್‌ಐ ಒತ್ತಡ ಬರಿ ಉಪ್ಪಿನ ವಿರುದ್ಧ ಹೋರಾಡುವುದಕ್ಕೇ ಖರ್ಚಾಗುತ್ತದೆ.

ವೇಸ್ಟ್ ನೀರು ಎಷ್ಟು ಹೋಗಬೇಕು ಎಂದು ತೀರ್ಮಾನಿಸುವುದು ಬೆರಳುದ್ದದ ಒಂದು ಪ್ಲಾಸ್ಟಿಕ್ ತುಂಡು. ಅದೇ ಫ್ಲೋ ರೆಸ್ಟ್ರಿಕ್ಟರ್, ಅಂಗಡಿ ಭಾಷೆಯಲ್ಲಿ ಎಫ್‌ಆರ್. ಮೇಲೆ 300, 350, 450 ಎಂದು ಬರೆದಿರುತ್ತದೆ. ಅದು ನಿಮಿಷಕ್ಕೆ ಎಷ್ಟು ಮಿಲಿ ಹೊರಬಿಡುತ್ತದೆ ಎಂಬ ಅಂದಾಜು. ಅಂಗಡಿಯವರು ಎಲ್ಲದಕ್ಕೂ 450 ಹಾಕುತ್ತಾರೆ, ಮೆಂಬ್ರೇನ್ ಬೇಗ ಕಟ್ಟಿ ದೂರು ಬರಬಾರದಲ್ಲ. 450 ಇದ್ದರೆ 200 ಮಿಲಿ ಒಳ್ಳೆಯ ನೀರಿಗೆ 450 ಮಿಲಿ ಚರಂಡಿಗೆ, ಅಂದರೆ ಉಳಿಯುವುದು ಶೇಕಡಾ 31. 300 ಹಾಕಿದರೆ ಶೇಕಡಾ 40. ಒಳಬರುವ ಟಿಡಿಎಸ್ 600ರ ಒಳಗಿದ್ದು ನೀರು ತೀರಾ ಗಡಸಲ್ಲದಿದ್ದರೆ 300 ಹಾಕಿಸಿ. ನೂರು ರೂಪಾಯಿ ಕೂಡ ಆಗದ ಭಾಗ ಅದು. 1000 ದಾಟಿದ ಗಡಸು ಬೋರ್ ನೀರಿಗೆ 450ನ್ನೇ ಬಿಡಿ. ಅಲ್ಲಿ ನೀರು ಉಳಿಸಲು ಹೋದರೆ ಮೆಂಬ್ರೇನಿನ ಮೇಲೆ ಸುಣ್ಣ ಕೂರುತ್ತದೆ. ನಿಮ್ಮ ಯಂತ್ರದ ಲೆಕ್ಕ ಬೇಕಿದ್ದರೆ ಎರಡೂ ಪೈಪನ್ನು ಎರಡು ಅಳತೆ ಜಗ್ಗಿಗೆ ಬಿಟ್ಟು ಎರಡು ನಿಮಿಷ ಹಿಡಿಯಿರಿ.

ವೇಸ್ಟ್ ಹೆಚ್ಚಾಯಿತೆಂದು ಎಫ್‌ಆರ್ ಬದಲು ಸಣ್ಣ ನಲ್ಲಿ ಹಾಕಿ ತಿರುಗಿಸುವವರಿದ್ದಾರೆ. ಪೂರ್ತಿ ಮುಚ್ಚಿದರೆ ಉಪ್ಪು ಹೊರಹೋಗಲು ದಾರಿಯಿಲ್ಲ, ತಿಂಗಳೊಪ್ಪತ್ತಿನಲ್ಲಿ ಮೆಂಬ್ರೇನ್ ಮುಗಿಯುತ್ತದೆ. ಪೂರ್ತಿ ತೆರೆದರೆ ಒತ್ತಡವೇ ಕೂರುವುದಿಲ್ಲ, ಬರುವ ನೀರೆಲ್ಲ ಚರಂಡಿಗೆ.

ಈ ಯಂತ್ರದ ಬಗ್ಗೆ ನಮ್ಮ ದೊಡ್ಡ ತಕರಾರು ಟಿಡಿಎಸ್ ಕಂಟ್ರೋಲರ್ ಮೇಲೆ. ಹೆಸರು ಕೇಳಿದರೆ ಏನೋ ಎಲೆಕ್ಟ್ರಾನಿಕ್ ಸಾಧನ ಅನ್ನಿಸುತ್ತದೆ. ಇರುವುದು ಒಂದು ಸ್ಕ್ರೂ. ಮೆಂಬ್ರೇನಿಗೆ ಹೋಗಬೇಕಾದ ಕಚ್ಚಾ ನೀರಿನಲ್ಲಿ ಸ್ವಲ್ಪವನ್ನು ಅಡ್ಡದಾರಿಯಲ್ಲಿ ತಂದು ಶುದ್ಧ ನೀರಿಗೆ ಬೆರೆಸುತ್ತದೆ, ಅಷ್ಟೆ. ನೀರು ಸಪ್ಪೆ ಎಂದು ದೂರಿದರೆ ಸರ್ವೀಸ್ ಹುಡುಗ ಸ್ಕ್ರೂ ತಿರುಗಿಸುತ್ತಾನೆ, ರುಚಿ ಬರುತ್ತದೆ, ಎಲ್ಲರಿಗೂ ಖುಷಿ.

ಲೆಕ್ಕ ಹಾಕಿ ನೋಡಿ. ಒಳಬರುವ ಬೋರ್ ನೀರು 900 ಟಿಡಿಎಸ್, ಮೆಂಬ್ರೇನಿನಿಂದ ಬರುವುದು 50. ಕುಡಿಯುವ ನೀರು 300 ಇರಲಿ ಎಂದರೆ ಶೇಕಡಾ 29ರಷ್ಟು ಕಚ್ಚಾ ನೀರು ಬೆರೆಯಬೇಕು. ಹಳೆಯ ಬಡಾವಣೆಗಳ ಬೋರ್‌ಗಳಲ್ಲಿ ಚರಂಡಿ ಸೋರಿಕೆಯಿಂದ ನೈಟ್ರೇಟ್ ಇರುವುದು ಅಪರೂಪವಲ್ಲ. ಅದು ಲೀಟರಿಗೆ 120 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ಉಳಿದ ಲವಣಗಳಷ್ಟು ಚೆನ್ನಾಗಿ ನೈಟ್ರೇಟನ್ನು ಮೆಂಬ್ರೇನ್ ತಡೆಯುವುದಿಲ್ಲ. ಒಳ್ಳೆಯದಾಗಿದ್ದರೂ 20 ಮಿಲಿಗ್ರಾಂ ದಾಟಿ ಬರಬಹುದು. ಶೇಕಡಾ 29 ಬೆರೆಸಿದ ಮೇಲೆ ಲೋಟದಲ್ಲಿರುವುದು 49. ಮಾನಕದ ಮಿತಿ 45, ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಎಂಟು ಸಾವಿರ ಕೊಟ್ಟು, ಮೂರು ಪಾಲಿನಲ್ಲಿ ಎರಡು ಪಾಲು ನೀರು ಚೆಲ್ಲಿ, ಕೊನೆಗೆ ಮಿತಿ ಮೀರಿದ ನೀರು ಕುಡಿದಂತಾಯಿತು. ಹಾಲುಣಿಸುವ ಬಾಟಲಿಗೆ ಇದೇ ನೀರು ಹಾಕುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಹಾಗಾಗಿ ಬೋರ್ ನೀರಿನ ಮನೆಯಲ್ಲಿ ಆ ಸ್ಕ್ರೂವನ್ನು ಬಲಕ್ಕೆ ಪೂರ್ತಿ ತಿರುಗಿಸಿ ಮುಚ್ಚಿಸಿ. ನೀರಿನ ಪರೀಕ್ಷೆ ಮಾಡಿಸಿ ನೈಟ್ರೇಟ್, ಫ್ಲೋರೈಡ್ ಎರಡೂ ಮಿತಿಯೊಳಗಿವೆ ಎಂದು ಗೊತ್ತಾದ ಮೇಲೆ ಬೇಕಿದ್ದರೆ ಸ್ವಲ್ಪ ತೆರೆಯಬಹುದು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲೇ ಮಾಡಿಸಿ, ಮಾರುವವನ ಕೈಯಲ್ಲಿರುವ ಪೆನ್ನಿನಂಥ ಮೀಟರಿನಿಂದ ಇದು ತಿಳಿಯದು. ಟಿಡಿಎಸ್ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆದು ಒಂದು ಸಂಖ್ಯೆ ತೋರಿಸುತ್ತದೆ. ಯಾವ ಉಪ್ಪು, ಯಾವ ವಿಷ, ಕ್ರಿಮಿ ಇದೆಯೋ ಇಲ್ಲವೋ, ಒಂದೂ ಅದಕ್ಕೆ ಗೊತ್ತಿಲ್ಲ.

ಮಿನರಲ್ ಕಾರ್ಟ್ರಿಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಷ್ಟೋ ಇಷ್ಟೋ ಕ್ಯಾಲ್ಸಿಯಂ ಸೇರುತ್ತದೆ, ರುಚಿ ಕೊಂಚ ಸುಧಾರಿಸುತ್ತದೆ, ಕೆಲವು ತಿಂಗಳಲ್ಲಿ ಒಳಗಿನ ಕಲ್ಲು ಕರಗಿ ಮುಗಿಯುತ್ತದೆ. ಅದರ ಮುಖ್ಯ ಉಪಯೋಗ ಹುಳಿ ತಗ್ಗಿಸುವುದು: ಮೆಂಬ್ರೇನ್ ಬೈಕಾರ್ಬೊನೇಟನ್ನು ತಡೆದು ಕಾರ್ಬನ್ ಡೈ ಆಕ್ಸೈಡನ್ನು ಬಿಟ್ಟುಬಿಡುವುದರಿಂದ ಆರ್‌ಒ ನೀರಿನ ಪಿಹೆಚ್ ಏಳರ ಕೆಳಗೆ ಇಳಿದಿರುತ್ತದೆ. ಇದೇ ಕಾರಣಕ್ಕೆ ಆರ್‌ಒ ನೀರನ್ನು ರಾತ್ರಿಯಿಡೀ ತಾಮ್ರದ ಬಿಂದಿಗೆಯಲ್ಲಿಡುವುದು ಬೇಡ, ಇಂಥ ನೀರು ತಾಮ್ರವನ್ನು ಬೇಗ ಕರಗಿಸಿಕೊಳ್ಳುತ್ತದೆ.

ಕೂರಿಸುವಾಗ ನೋಡಬೇಕಾದದ್ದು ಒತ್ತಡ. ಒಂದು ಮೀಟರ್ ಎತ್ತರಕ್ಕೆ 1.4 ಪಿಎಸ್‌ಐ ಲೆಕ್ಕ. ಮೇಲಿನ ಮಹಡಿಯ ಮನೆಗೆ ಟ್ಯಾಂಕು ಎರಡು ಮೀಟರ್ ಮೇಲಿದ್ದರೆ ಬರುವುದು ಮೂರು ಪಿಎಸ್‌ಐ ಕೂಡ ಇಲ್ಲ. ಫಿಲ್ಟರ್ ಸ್ವಲ್ಪ ಕಟ್ಟಿದರೂ ಲೋ ಪ್ರೆಶರ್ ಸ್ವಿಚ್ ಪಂಪನ್ನು ಚಾಲೂ ಮಾಡುವುದಿಲ್ಲ. ಯಂತ್ರ ಆನ್ ಆಗಿ ಆಫ್ ಆಗಿ ಕುಂಟುತ್ತದೆ. ಸರ್ವೀಸ್‌ನವರು ಆ ಸ್ವಿಚ್ಚಿನ ಎರಡು ವೈರನ್ನು ಸೇರಿಸಿ ‘ಡೈರೆಕ್ಟ್’ ಮಾಡಿಬಿಡುತ್ತಾರೆ. ಆಮೇಲೆ ಟ್ಯಾಂಕಿನಲ್ಲಿ ನೀರಿಲ್ಲದ ದಿನ ಪಂಪು ಒಣಗಿ ಓಡಿ ಅದರೊಳಗಿನ ರಬ್ಬರ್ ಪೊರೆ (ಡಯಾಫ್ರಾಮ್) ಹರಿಯುತ್ತದೆ. ಅದರ ಬದಲು ಹೊರಗಿನ ಪ್ರೀ ಫಿಲ್ಟರ್‌ನ ಸ್ಪನ್ ಬತ್ತಿ ಬದಲಿಸಿ, ನಲ್ಲಿಯ ಡೈವರ್ಟರ್ ವಾಲ್ವಿನಲ್ಲಿ ಕಸ ಕೂತಿದೆಯೇ ನೋಡಿ. ಹೆಚ್ಚಿನ ಕಡೆ ಅಲ್ಲೇ ಸರಿಹೋಗುತ್ತದೆ. ಎತ್ತರದ ಅಪಾರ್ಟ್‌ಮೆಂಟಿನ ಕೆಳ ಮಹಡಿಯಲ್ಲಿ ಸಮಸ್ಯೆ ತಿರುವುಮುರುವು. ಹದಿನೈದು ಮಹಡಿಯ ನೀರಿನ ಕಂಬ ಅರವತ್ತು ಪಿಎಸ್‌ಐ ದಾಟುತ್ತದೆ. ಅಲ್ಲಿ ಪ್ರೆಶರ್ ರೆಡ್ಯೂಸಿಂಗ್ ವಾಲ್ವ್ ಹಾಕಿಸದಿದ್ದರೆ ಒಂದು ದಿನ ಫಿಲ್ಟರ್ ಬೌಲು ಬಿರುಕು ಬಿಟ್ಟು ಅಡುಗೆಮನೆ ಕೆರೆಯಾಗುತ್ತದೆ.

ಕೊಳವೆ ಕತ್ತರಿಸುವುದು ಬ್ಲೇಡಿನಿಂದ, ನೇರವಾಗಿ. ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ತುದಿ ಪುಷ್ ಫಿಟಿಂಗಿನಲ್ಲಿ ಸರಿಯಾಗಿ ಕೂರದೆ ಹನಿ ಹನಿ ಸೋರುತ್ತದೆ.

ಫಿಲ್ಟರ್ ಬದಲಿಸುವ ಅವಧಿ ನೀರಿನ ಮೇಲೆ ನಿಂತಿದೆ. ಹೊರಗಿನ ಸ್ಪನ್, ಅಂದರೆ ಐದು ಮೈಕ್ರಾನಿನ ಬಿಳಿ ಬತ್ತಿ, ಕಂದು ಬಣ್ಣಕ್ಕೆ ತಿರುಗಿದಾಗ ಬದಲಿಸಿ. ಟ್ಯಾಂಕರ್ ನೀರಿಗೆ ಎರಡು ತಿಂಗಳಿಗೇ ಆಗಬಹುದು. ನೂರು ರೂಪಾಯಿಯ ಒಳಗಿನ ವಸ್ತು, ಸ್ಪ್ಯಾನರ್ ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಓ ರಿಂಗ್ ತಿರುಚದಂತೆ ಕೂರಿಸಿ ಕೈಬಿಗಿ ಮಾಡಿದ ಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ಸಾಕು. ಕಾರ್ಬನ್ ವಿಷಯದಲ್ಲಿ ಕಾವೇರಿ ನೀರು ಬೆರೆಯುವ ಮನೆಯವರು ಉದಾಸೀನ ಮಾಡಬಾರದು. ನೀರಿನ ಕ್ಲೋರಿನ್ ಮೆಂಬ್ರೇನಿನ ಪದರವನ್ನು ತಿಂದುಹಾಕುತ್ತದೆ, ಅದನ್ನು ತಡೆಯುವುದು ಕಾರ್ಬನ್ ಒಂದೇ. ವರ್ಷಕ್ಕೊಮ್ಮೆ ಬದಲಿಸಿ. ಗಡಸು ನೀರಿಗೆ ಪ್ರೀ ಫಿಲ್ಟರಿನಲ್ಲಿ ಸುಣ್ಣ ಕಟ್ಟದಂತೆ ತಡೆಯುವ ಆಂಟಿಸ್ಕೇಲಂಟ್ ಗುಂಡುಗಳನ್ನು ಹಾಕುತ್ತಾರೆ. ಗುಂಡು ಕರಗಿ ಮುಗಿದ ಮೇಲೆ ಖಾಲಿ ಬೌಲು ಅಲಂಕಾರಕ್ಕೆ ಮಾತ್ರ.

ಮೆಂಬ್ರೇನನ್ನು ಕ್ಯಾಲೆಂಡರ್ ನೋಡಿ ಬದಲಿಸಬೇಡಿ. ಇನ್ನೂರು ರೂಪಾಯಿಯ ಮೀಟರ್ ಒಂದನ್ನು ಇಟ್ಟುಕೊಳ್ಳಿ. ಕಂಟ್ರೋಲರ್ ಸ್ಕ್ರೂ ಮುಚ್ಚಿ, ಯಂತ್ರ ಐದು ನಿಮಿಷ ಓಡಲು ಬಿಟ್ಟು, ಟ್ಯಾಂಕಿಗೆ ಬೀಳುವ ನೀರನ್ನು ಹಿಡಿದು ಅಳೆಯಿರಿ. ಆ ಐದು ನಿಮಿಷ ಮುಖ್ಯ. ಯಂತ್ರ ನಿಂತಿದ್ದಾಗ ಉಪ್ಪು ಮೆಂಬ್ರೇನ್ ದಾಟಿ ಶುದ್ಧ ನೀರಿನ ಕಡೆಗೆ ನಿಧಾನಕ್ಕೆ ಜಿನುಗಿರುತ್ತದೆ, ಹಾಗಾಗಿ ಮೊದಲ ಲೋಟದ ಸಂಖ್ಯೆ ಯಾವಾಗಲೂ ಹೆಚ್ಚು. ಒಳಗೆ 900, ಹೊರಗೆ 60 ಇದ್ದರೆ ಶೇಕಡಾ 93 ತಡೆದಿದೆ, ಆರೋಗ್ಯವಾಗಿದೆ. ಹೊರಗಿನದು 150 ದಾಟಿದರೆ ಶೇಕಡಾ 83ಕ್ಕೆ ಇಳಿದಂತೆ, ಬದಲಿಸುವ ಕಾಲ ಬಂತು. ಸಂಖ್ಯೆ ಚೆನ್ನಾಗಿದ್ದು ನೀರಿನ ಧಾರೆ ಮಾತ್ರ ಅರ್ಧಕ್ಕಿಳಿದಿದ್ದರೆ ಮೆಂಬ್ರೇನ್ ಕಟ್ಟಿರಬಹುದು, ಪಂಪು ಸೋತಿರಬಹುದು. ಮೊದಲು ಫಿಲ್ಟರುಗಳನ್ನು ನೋಡಿ. ಹೊಸ ಮೆಂಬ್ರೇನ್ ಹಾಕಿಸಿದಾಗ ಮೊದಲ ಒಂದು ಟ್ಯಾಂಕ್ ನೀರು ಚೆಲ್ಲಬೇಕು, ಅದರಲ್ಲಿ ಕೆಡದಂತೆ ಹಾಕಿದ ರಾಸಾಯನಿಕ ಇರುತ್ತದೆ. ಮತ್ತು ಸರ್ವೀಸ್ ಹುಡುಗ ಹೊರಡುವ ಮುಂಚೆ ಅವನೆದುರೇ ಟಿಡಿಎಸ್ ಅಳೆಯಿರಿ. ನಕಲಿ ಮೆಂಬ್ರೇನ್ ಹಿಡಿಯಲು ಹೊಲೊಗ್ರಾಂ ಸ್ಟಿಕ್ಕರಿಗಿಂತ ಇದು ನಂಬಿಕೆಯ ದಾರಿ.

ಯಂತ್ರ ಆಫ್ ಮಾಡಿದರೂ ವೇಸ್ಟ್ ಪೈಪಿನಲ್ಲಿ ನೀರು ಹರಿಯುತ್ತಿದ್ದರೆ ಸೊಲೆನಾಯ್ಡ್ ವಾಲ್ವಿನಲ್ಲಿ ಮರಳಿನ ಕಣ ಸಿಕ್ಕಿಕೊಂಡಿದೆ. ಗೊತ್ತಾಗದೆ ಬಿಟ್ಟರೆ ರಾತ್ರಿಯಿಡೀ ನೀರು ಚರಂಡಿಗೆ. ಮಲಗುವ ಮುನ್ನ ನಲ್ಲಿ ಕಟ್ಟುವುದು ಒಳ್ಳೆಯ ಅಭ್ಯಾಸ. ಟ್ಯಾಂಕ್ ತುಂಬಿದರೂ ಪಂಪು ನಿಲ್ಲದಿದ್ದರೆ ಫ್ಲೋಟ್ ಸಿಕ್ಕಿಕೊಂಡಿರುತ್ತದೆ. ವೇಸ್ಟ್ ನೀರು ಸಣ್ಣಗಾಗಿ ಕುಡಿಯುವ ನೀರಿನ ಟಿಡಿಎಸ್ ದಿಢೀರ್ ಏರಿದರೆ ಎಫ್‌ಆರ್ ಕಟ್ಟಿದೆ, ಅದನ್ನು ಆ ದಿನವೇ ಬದಲಿಸಿ.

ನೀರಿಗೆ ಪಾಚಿ ವಾಸನೆ ಬಂದರೆ ತಪ್ಪು ಟ್ಯಾಂಕಿನದು. ಕ್ಲೋರಿನ್ ತೆಗೆದ ನೀರು ಪ್ಲಾಸ್ಟಿಕ್ ಡಬ್ಬದಲ್ಲಿ ನಿಂತರೆ ಲೋಳೆ ಕಟ್ಟುತ್ತದೆ, ಯುವಿ ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಹೆಚ್ಚಿನ ಯಂತ್ರಗಳಲ್ಲಿ ಯುವಿ ಇರುವುದು ಟ್ಯಾಂಕಿಗಿಂತ ಮೊದಲೇ. ಮೂರು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಟ್ಯಾಂಕ್ ಖಾಲಿ ಮಾಡಿ, ಮೆತ್ತನೆ ಬಟ್ಟೆಯಿಂದ ಒಳಗೆಲ್ಲ ಒರೆಸಿ. ಆಮೇಲೆ ಹತ್ತು ಲೀಟರ್ ನೀರಿಗೆ ಶೇಕಡಾ ಐದರ ಸೋಡಿಯಂ ಹೈಪೊಕ್ಲೋರೈಟ್ ಹತ್ತು ಮಿಲಿ ಬೆರೆಸಿ ನೇರ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಬಿಟ್ಟು, ನಲ್ಲಿಯಿಂದಲೇ ಹೊರಬಿಡಿ. ಎರಡು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಈ ದ್ರಾವಣ ಮೆಂಬ್ರೇನಿನ ಕಡೆ ಹೋಗಕೂಡದು. ಸುಗಂಧ ಬೆರೆಸಿದ ನೆಲ ಒರೆಸುವ ಬ್ಲೀಚ್ ಬಳಸಬೇಡಿ. ವಾರ್ಷಿಕ ಕರಾರಿನಲ್ಲಿ ಟ್ಯಾಂಕ್ ತೊಳೆಯುವುದೂ ಸೇರಿದೆಯೇ ಎಂದು ಕೇಳಿ. ಬಾಯಲ್ಲಿ ಹೌದೆನ್ನುತ್ತಾರೆ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮೆಂಬ್ರೇನ್, ಪಂಪು, ಅಡಾಪ್ಟರ್ ಮೂರೂ ಸೇರದ ಕರಾರಿಗೆ ಮೂರು ನಾಲ್ಕು ಸಾವಿರ ಕೊಡುವುದು ದಂಡ. ಅಸೆಂಬಲ್ಡ್ ಯಂತ್ರಕ್ಕೆ ಕರಾರೇ ಬೇಡ, ಕೆಟ್ಟಾಗ ಕೆಟ್ಟ ಭಾಗಕ್ಕೆ ಕೊಟ್ಟರಾಯಿತು.

ವೇಸ್ಟ್ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ, ಶೌಚಾಲಯಕ್ಕೆ ಬಳಸಿ. 900ರ ನೀರು ಒಳಹೋಗಿ ಶೇಕಡಾ 40 ಉಳಿದರೆ ಹೊರಗಿನದು ಸುಮಾರು 1460. ಕುಂಡದ ಗಿಡಕ್ಕೆ ದಿನಾ ಹಾಕಿದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ, ಎಲೆಯ ಅಂಚು ಸುಡುತ್ತದೆ. ನೆಲದಡಿಯ ಸಂಪ್ ಟ್ಯಾಂಕಿಗೆ ವಾಪಸ್ ಬಿಡುವುದು ಇನ್ನೂ ಕೆಟ್ಟ ಯೋಚನೆ, ಇಡೀ ಮನೆಯ ನೀರಿನ ಟಿಡಿಎಸ್ ಸುತ್ತು ಸುತ್ತಿಗೂ ಏರುತ್ತದೆ.

ಮಾರುವವರು ಮನೆಗೆ ಬಂದು ಎರಡು ಲೋಟಕ್ಕೆ ಕರೆಂಟಿನ ಕಡ್ಡಿ ಅದ್ದಿ, ನಿಮ್ಮ ನಲ್ಲಿ ನೀರು ಕಂದು ಕೆಸರಾಗುವುದನ್ನು, ಅವರ ನೀರು ತಿಳಿಯಾಗೇ ಉಳಿಯುವುದನ್ನು ತೋರಿಸುತ್ತಾರೆ. ಆ ಕಡ್ಡಿಯಲ್ಲಿ ಒಂದು ಕಬ್ಬಿಣದ್ದು. ಉಪ್ಪಿರುವ ನೀರಿನಲ್ಲಿ ಕರೆಂಟ್ ಹರಿದು ಕಬ್ಬಿಣ ಕರಗಿ ತುಕ್ಕಾಗುತ್ತದೆ; ಆರ್‌ಒ ನೀರಿನಲ್ಲಿ ಕರೆಂಟ್ ಹರಿಯುವುದೇ ಕಡಿಮೆ. ಅವರ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಇನ್ನೊಮ್ಮೆ ಅದ್ದಲು ಹೇಳಿ.

ಹದಿನೈದು ದಿನ ಊರಿಗೆ ಹೋಗುವುದಿದ್ದರೆ ನಲ್ಲಿ ಕಟ್ಟಿ, ಪ್ಲಗ್ ತೆಗೆದು, ಟ್ಯಾಂಕಿನ ನೀರು ಪೂರ್ತಿ ಖಾಲಿ ಮಾಡಿ ಹೊರಡಿ. ಮೆಂಬ್ರೇನಿನ ಒಳಗೆ ನೀರು ನಿಂತಿರಲಿ, ಒಮ್ಮೆ ಒದ್ದೆಯಾದ ಮೆಂಬ್ರೇನ್ ಒಣಗಿದರೆ ಕೆಡುತ್ತದೆ. ಬಂದ ಮೇಲೆ ಮೊದಲ ಟ್ಯಾಂಕಿನ ನೀರನ್ನು ನೆಲ ಒರೆಸಲು ಇಟ್ಟುಕೊಂಡು, ಎರಡನೆಯದರಿಂದ ಕುಡಿಯಿರಿ.